ಲಕ್ಷದಲ್ಲಿ ಒಂದು ಪಾಲು ಬೆಳಕು: ಬಾಡರ್ ಆಸ್ಟ್ರೋಸೋಲಾರ್ ಹಾಳೆಯ ಎರಡು ವರ್ಷಗಳ ಬಳಕೆ

ರಾತ್ರಿಯ ಆಕಾಶ ನೋಡುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಬೆಳಗಾಗುವ ಹೊತ್ತಿಗೆ ದೂರದರ್ಶಕವನ್ನು ಮುಚ್ಚಿ ಒಳಗಿಡುತ್ತಾರೆ. ಹಲವು ವರ್ಷ ನಾನೂ ಹಾಗೆಯೇ ಮಾಡಿದೆ. ಆದರೆ ನಮ್ಮಂಥವರ ಸಣ್ಣ ಉಪಕರಣದಲ್ಲೂ ತನ್ನ ಮೈಮೇಲಿನ ವಿವರಗಳನ್ನು ತೋರಿಸಬಲ್ಲ ನಕ್ಷತ್ರ ಇರುವುದು ಒಂದೇ, ಅದು ಹಗಲಿನದು. ಮಿಕ್ಕ ನಕ್ಷತ್ರಗಳೆಲ್ಲ ಎಷ್ಟೇ ಹಿಗ್ಗಿಸಿ ನೋಡಿದರೂ ಚುಕ್ಕಿಗಳಾಗಿಯೇ ಉಳಿಯುತ್ತವೆ. ಆ ಒಂದು ನಕ್ಷತ್ರವನ್ನು ನೋಡಲು ಎರಡು ವರ್ಷಕ್ಕೂ ಮಿಕ್ಕಿ ನಾನು ಬಳಸುತ್ತಿರುವುದು ಜರ್ಮನಿಯ ಬಾಡರ್ ಪ್ಲಾನೆಟೇರಿಯಮ್ ಸಂಸ್ಥೆ ತಯಾರಿಸುವ ಆಸ್ಟ್ರೋಸೋಲಾರ್ ಎಂಬ ಫಿಲ್ಟರ್ ಹಾಳೆ. ದೂರದರ್ಶಕ, ಕ್ಯಾಮೆರಾ, ಮುಕ್ಕಾಲಿ ಇವುಗಳ ಸಾಲಿನಲ್ಲಿ ಅತ್ಯಂತ ಅಗ್ಗದ ವಸ್ತು ಇದೇ. ನನ್ನ ವೀಕ್ಷಣೆಯ ಕ್ರಮವನ್ನು ಅತಿ ಹೆಚ್ಚು ಬದಲಿಸಿದ ವಸ್ತುವೂ ಇದೇ. ಸೂರ್ಯವೀಕ್ಷಣೆಗೆ ಇಳಿಯಬೇಕೆನ್ನುವವರು ಇನ್ನಾವ ಉಪಕರಣಕ್ಕೂ ಮೊದಲು ಇದನ್ನು ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹಾಳೆ ಒಳ್ಳೆಯದಾಗಿದ್ದರಷ್ಟೇ ಸಾಲದು. ಅದನ್ನು ಕೂರಿಸುವ ಚೌಕಟ್ಟಿನ ಹೊಣೆ ಪೂರ್ತಿಯಾಗಿ ಕೊಂಡವರದೇ ಆಗಿರುತ್ತದೆ, ಆ ಹೊಣೆಯನ್ನು ಹಗುರವಾಗಿ ತೆಗೆದುಕೊಂಡರೆ ಕಣ್ಣೇ ಹೋಗುತ್ತದೆ.

ಈ ಹಾಳೆ ಎರಡು ಬಗೆಯಲ್ಲಿ ಸಿಗುತ್ತದೆ, ಕೊಳ್ಳುವಾಗ ಮೊದಲು ಗಮನಿಸಬೇಕಾದದ್ದು ಇದನ್ನೇ. ಕಣ್ಣಿನಿಂದ ನೋಡಲು ಮಾಡಿದ ಹಾಳೆಯ ಸಾಂದ್ರತೆ 5.0, ಅಂದರೆ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಛಾಯಾಗ್ರಹಣಕ್ಕೆಂದೇ ಮಾಡಿದ ಇನ್ನೊಂದು ಹಾಳೆಯ ಸಾಂದ್ರತೆ 3.8, ಅದರಲ್ಲಿ ಸುಮಾರು 6,300ರಲ್ಲಿ ಒಂದು ಪಾಲು ಬೆಳಕು ದಾಟುತ್ತದೆ. ಸಂಖ್ಯೆಯಲ್ಲಿ ಅಂತರ ಚಿಕ್ಕದಾಗಿ ಕಂಡರೂ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚುಕಡಿಮೆ ಹದಿನಾರು ಪಟ್ಟು ಪ್ರಕಾಶಮಾನವಾದ ಬಿಂಬವನ್ನು ಕೊಡುತ್ತದೆ, ಆದ್ದರಿಂದ ಅದನ್ನು ಹಾಕಿಕೊಂಡು ನೇರವಾಗಿ ಐಪೀಸಿನಲ್ಲಿ ಕಣ್ಣಿಡುವಂತಿಲ್ಲ. ಎರಡು ಹಾಳೆಗಳೂ ನೋಡಲು ಒಂದೇ ತೆರನಾದ ಬೆಳ್ಳಿಯ ಬಣ್ಣದವು. ಮನೆಯಲ್ಲಿ ಬೇರೆಯವರೂ ದೂರದರ್ಶಕ ಬಳಸುವುದಾದರೆ, ಮಕ್ಕಳಿಗೆ ತೋರಿಸುವ ಉದ್ದೇಶವಿದ್ದರೆ, 3.8ರ ಹಾಳೆಯನ್ನು ತರಲೇಬೇಡಿ ಎನ್ನುತ್ತೇನೆ. ನಾನು ತೆಗೆದ ಎಲ್ಲ ಚಿತ್ರಗಳೂ 5.0ರ ಹಾಳೆಯಲ್ಲೇ ತೆಗೆದವು, ಬೆಳಕಿನ ಕೊರತೆ ಒಮ್ಮೆಯೂ ಆಗಲಿಲ್ಲ.

ನನಗೆ ಬಂದ ಮೊದಲ ಹಾಳೆಯನ್ನು ಮಾರಾಟಗಾರರು ಲಕೋಟೆಯೊಳಗೆ ನಾಲ್ಕಾಗಿ ಮಡಚಿ ಕಳುಹಿಸಿದ್ದರು. ಲೋಹದ ಲೇಪವಿರುವ ಇಷ್ಟು ತೆಳುವಾದ ಹಾಳೆಯನ್ನು ಒತ್ತಿ ಮಡಚಿದರೆ ಮಡಿಕೆಯ ಗೆರೆಯಲ್ಲಿ ಲೇಪ ಸವೆಯುತ್ತದೆ. ಕತ್ತಲ ಕೋಣೆಯಲ್ಲಿ ಪ್ರಖರ ದೀಪದ ಎದುರಿಗೆ ಹಿಡಿದು ನೋಡಿದಾಗ ಆ ಗೆರೆಯುದ್ದಕ್ಕೂ ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಕಂಡವು. ಅದನ್ನು ಬದಿಗಿಟ್ಟು ಬೇರೆ ಕಡೆಯಿಂದ ಇನ್ನೊಂದು ಹಾಳೆ ತರಿಸಿದೆ, ಅದು ಮಡಿಕೆಯಿಲ್ಲದೆ ಗಟ್ಟಿ ರಟ್ಟಿನ ನಡುವೆ ಬಂತು. ದೋಷ ಹಾಳೆಯದಲ್ಲ, ಸಾಗಿಸಿದ ರೀತಿಯದು. ಕೊಳ್ಳುವವರು ಲಕೋಟೆ ಬಿಚ್ಚಿದ ಕೂಡಲೇ ಈ ದೀಪದ ಪರೀಕ್ಷೆಯನ್ನು ಮಾಡಬೇಕು. ಆಮೇಲೆಯೂ ಪ್ರತಿ ಬಾರಿ ದೂರದರ್ಶಕಕ್ಕೆ ತೊಡಿಸುವ ಮುನ್ನ ಮಾಡಬೇಕು. ಒಂದೆರಡು ಸೂಕ್ಷ್ಮ ರಂಧ್ರಗಳಿದ್ದರೆ ಕಪ್ಪು ಬಣ್ಣದ ಚುಕ್ಕಿ ಇಟ್ಟು ಮುಚ್ಚುವವರಿದ್ದಾರೆ. ಗೀರು, ಹರಿದ ಅಂಚು, ಸವೆದ ಲೇಪ ಕಂಡರೆ ಮಾತ್ರ ಅದನ್ನು ಎಸೆಯುವುದೊಂದೇ ದಾರಿ. ಹೆಸರು, ಗುರುತು ಏನೂ ಇಲ್ಲದ ಬೆಳ್ಳಿ ಹಾಳೆ, ಹೊಗೆ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮು ಇವು ಯಾವುವೂ ಇದಕ್ಕೆ ಬದಲಿಯಲ್ಲ. ಕಣ್ಣಿಗೆ ಕತ್ತಲಾಗಿ ಕಾಣುವ ಎಷ್ಟೋ ವಸ್ತುಗಳು ಕಾಣದ ಅತಿಗೆಂಪು ಕಿರಣವನ್ನು ಧಾರಾಳವಾಗಿ ಒಳಗೆ ಬಿಡುತ್ತವೆ.

ಚೌಕಟ್ಟು ಮಾಡುವುದು ಒಂದು ಸಂಜೆಯ ಕೆಲಸ. ನನ್ನ ದೂರದರ್ಶಕ 80 ಮಿ.ಮೀ. ವ್ಯಾಸದ, 600 ಮಿ.ಮೀ. ನಾಭಿದೂರದ ಮಸೂರದ್ದು. ಅದರ ಕೊಳವೆಯ ಬಾಯಿಗೆ ಗಟ್ಟಿ ರಟ್ಟಿನ ಪಟ್ಟಿಯನ್ನು ಎರಡು ಮೂರು ಸುತ್ತು ಸುತ್ತಿ ಅಂಟಿಸಿ ಬಳೆ ಮಾಡಿಕೊಂಡೆ. ರಟ್ಟಿನಲ್ಲೇ ಎರಡು ಉಂಗುರ ಕತ್ತರಿಸಿ, ಹಾಳೆಯನ್ನು ಅವುಗಳ ನಡುವೆ ಎರಡೂ ಬದಿ ಅಂಟಿರುವ ಟೇಪಿನಿಂದ ಕೂರಿಸಿ, ಆ ಉಂಗುರಗಳನ್ನು ಬಳೆಗೆ ಸೇರಿಸಿದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಹಾಳೆ ಸುಕ್ಕಾಗಿ ಕಂಡರೆ ಕೈ ತಾನಾಗಿಯೇ ಅದನ್ನು ಡೋಲಿನ ಚರ್ಮದಂತೆ ಬಿಗಿಯಾಗಿ ಎಳೆಯಲು ಹೋಗುತ್ತದೆ. ಎಳೆಯಬಾರದು. ಹಾಳೆಯ ಎರಡು ಮೈಗಳು ಒಂದಕ್ಕೊಂದು ಸಮಾನಾಂತರವಾಗಿರುವವರೆಗೆ, ಅದು ಎಲ್ಲಿ ಬಾಗಿದ್ದರೂ ಬೆಳಕಿನ ಕಿರಣ ಒಳಹೊಕ್ಕ ದಿಕ್ಕಿನಲ್ಲೇ ಹೊರಬರುತ್ತದೆ, ಪಕ್ಕಕ್ಕೆ ಸರಿಯುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದ್ದರಿಂದ ಸಡಿಲವಾದ ಅಲೆಗಳು ಬಿಂಬವನ್ನು ಕೆಡಿಸುವುದಿಲ್ಲ. ಎಳೆದಾಗ ಮಾತ್ರ ಹಾಳೆಯ ದಪ್ಪ ಅಲ್ಲಲ್ಲಿ ಬದಲಾಗಿ ಚಿತ್ರ ಮಸುಕಾಗುತ್ತದೆ. ನಾನು ಬೇಕೆಂದೇ ಎರಡು ಚೌಕಟ್ಟು ಮಾಡಿ, ಒಂದರಲ್ಲಿ ಬಿಗಿಯಾಗಿ, ಇನ್ನೊಂದರಲ್ಲಿ ಸಡಿಲವಾಗಿ ಕೂರಿಸಿ, ಒಂದೇ ಬೆಳಿಗ್ಗೆ ಒಂದೇ ಸೌರಕಲೆಯನ್ನು ನೋಡಿ ಹೋಲಿಸಿದೆ. ಬಿಗಿಯಾದದ್ದರಲ್ಲಿ ಕಲೆಯ ಅಂಚು ಯಾವ ಫೋಕಸಿಗೂ ಚೊಕ್ಕಟವಾಗಲಿಲ್ಲ, ಸುಕ್ಕಿನ ಹಾಳೆಯಲ್ಲಿ ಅದು ಕೂದಲೆಳೆಯಷ್ಟು ಸ್ಪಷ್ಟವಾಗಿ ಕಂಡಿತು.

ಒಂದು ಬೆಳಿಗ್ಗೆ ಗಾಳಿ ಬೀಸಿ ಆ ಬಳೆ ಕೊಳವೆಯಿಂದ ಅರ್ಧ ಬೆರಳಿನಷ್ಟು ಮುಂದಕ್ಕೆ ಸರಿದುಬಿಟ್ಟಿತು. ಆಗ ಐಪೀಸಿನ ಬಳಿ ಯಾರೂ ಇರಲಿಲ್ಲ. ಅದು ಪೂರ್ತಿ ಕಳಚಿ ಬಿದ್ದಿದ್ದರೆ, ಆ ಗಳಿಗೆಯಲ್ಲಿ ಯಾರಾದರೂ ಕಣ್ಣಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲ. ಅದು ಸುಡುವಾಗ ಸುಡುತ್ತಿದೆಯೆಂಬ ಅರಿವೇ ಆಗುವುದಿಲ್ಲ. ಅಂದಿನಿಂದ ಬಳೆಯ ಉದ್ದವನ್ನು ಹೆಚ್ಚಿಸಿ, ಒಳಬದಿಗೆ ಮಖಮಲ್ಲಿನ ಬಟ್ಟೆ ಅಂಟಿಸಿ, ಎರಡು ಬದಿಯಲ್ಲಿ ಪಟ್ಟಿಗಳಿಂದ ಕೊಳವೆಗೆ ಕಟ್ಟುತ್ತಿದ್ದೇನೆ. ಕವುಚಿ ಹಿಡಿದು ಅಲುಗಾಡಿಸಿದರೂ ಬೀಳದ ಚೌಕಟ್ಟನ್ನು ಮಾತ್ರ ಸೂರ್ಯನ ಕಡೆಗೆ ತಿರುಗಿಸಬೇಕು. ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸುವ ಪುಟ್ಟ ಫೈಂಡರನ್ನು ಕಳಚಿಡಬೇಕು ಇಲ್ಲವೇ ಅದರ ಎರಡೂ ಬಾಯಿ ಮುಚ್ಚಬೇಕು. ಅದೂ ಒಂದು ದೂರದರ್ಶಕವೇ ಎಂಬುದನ್ನು ಅನುಭವಿಗಳೂ ಮರೆಯುತ್ತಾರೆ. ಸೂರ್ಯನನ್ನು ಹುಡುಕಲು ಫೈಂಡರ್ ಬೇಕಾಗಿಯೂ ಇಲ್ಲ: ನೆಲದ ಮೇಲೆ ಬೀಳುವ ಕೊಳವೆಯ ನೆರಳು ಅತ್ಯಂತ ಚಿಕ್ಕದಾಗಿ ದುಂಡಗಾದಾಗ ಸೂರ್ಯ ತಾನಾಗಿಯೇ ಐಪೀಸಿನೊಳಗೆ ಬಂದಿರುತ್ತಾನೆ. ಹಳೆಯ ಪುಟ್ಟ ದೂರದರ್ಶಕಗಳ ಜೊತೆ ಬರುತ್ತಿದ್ದ, ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜು ನಿಮ್ಮಲ್ಲಿದ್ದರೆ ಅದನ್ನು ಒಡೆದು ಹಾಕಿ. ಮಸೂರ ಒಟ್ಟುಗೂಡಿಸಿದ ಶಾಖವೆಲ್ಲ ಅದರ ಮೇಲೆಯೇ ಬಿದ್ದು, ನೋಡುತ್ತಿರುವಾಗಲೇ ಅದು ಸೀಳಬಹುದು. ಫಿಲ್ಟರಿನ ಸ್ಥಾನ ಬೆಳಕು ಕೊಳವೆಯನ್ನು ಹೊಗುವ ಮುನ್ನ, ಹೊಕ್ಕ ಮೇಲಲ್ಲ.

ಇನ್ನು ಕಾಣುವುದರ ಬಗ್ಗೆ. ಹಾಳೆಯ ಮೂಲಕ ಸೂರ್ಯ ಬೆಳ್ಳಗೆ ಕಾಣುತ್ತಾನೆ, ಒಮ್ಮೊಮ್ಮೆ ತೀರ ನಸು ನೀಲಿಯ ಛಾಯೆಯಿಂದ. ಹಳದಿ ಅಥವಾ ಕಿತ್ತಳೆ ಬಣ್ಣ ಕೊಡುವ ಗಾಜಿನ ಫಿಲ್ಟರುಗಳಿಗೆ ಒಗ್ಗಿದವರಿಗೆ ಇದು ಸಪ್ಪೆಯೆನಿಸಬಹುದು. ಆದರೆ ವಾತಾವರಣದ ಹೊರಗಿನಿಂದ ನೋಡಿದರೆ ಸೂರ್ಯ ಬಿಳಿಯೇ. ಬಣ್ಣ ಬಳಿಯದ ಫಿಲ್ಟರಿನಲ್ಲಿ ಬಿಂಬದ ಅಂಚಿನತ್ತ ಕಾಣುವ ಪ್ರಕಾಶಮಾನ ತೇಪೆಗಳಂಥ ನಸು ವ್ಯತ್ಯಾಸಗಳು ಚೆನ್ನಾಗಿ ಉಳಿಯುತ್ತವೆ. ಮೊದಲು ಗಮನಕ್ಕೆ ಬರುವುದು ಬಿಂಬದ ಅಂಚು ನಡುವಿಗಿಂತ ಮಂಕಾಗಿರುವುದು. ನಡುವಿನಲ್ಲಿ ನಮ್ಮ ನೋಟ ದ್ಯುತಿಗೋಳದ, ಅಂದರೆ ಕಣ್ಣಿಗೆ ಕಾಣುವ ಮೇಲ್ಮೈಯ, ಆಳದ, ಬಿಸಿ ಹೆಚ್ಚಿರುವ ಪದರದವರೆಗೆ ತಲುಪುತ್ತದೆ, ಅಂಚಿನಲ್ಲಿ ಓರೆಯಾಗಿ ಸಾಗಿ ಮೇಲಿನ ತಂಪು ಪದರದಲ್ಲೇ ನಿಲ್ಲುತ್ತದೆ. ಹೀಗಾಗಿ ಸೂರ್ಯ ಚಪ್ಪಟೆ ತಟ್ಟೆಯಂತಲ್ಲದೆ ಗೋಳವಾಗಿ ಕಾಣುತ್ತಾನೆ. ಇದನ್ನು ಮೊದಲ ಬಾರಿ ನೋಡಿದವರ ಬಾಯಿಂದ ಹೊರಡುವ ಉದ್ಗಾರಕ್ಕಾಗಿಯೇ ನಾನು ಎಷ್ಟೋ ಬಾರಿ ಬೇರೆಯವರನ್ನು ಕರೆದು ತೋರಿಸಿದ್ದೇನೆ.

ಸೌರಕಲೆಗಳೇ ಇದರ ಮುಖ್ಯ ಫಲ. 25 ಪಟ್ಟು ವರ್ಧನೆಯಲ್ಲಿ ಪೂರ್ಣ ಬಿಂಬ ಆರಾಮವಾಗಿ ಕೂರುತ್ತದೆ, 100 ಪಟ್ಟಿನಲ್ಲಿ ಒಂದೊಂದು ಕಲೆಯ ರಚನೆ ಬಿಡಿಸಿಕೊಳ್ಳುತ್ತದೆ: ನಡುವೆ ಅಂಬ್ರಾ ಎಂಬ ಕಡುಗಪ್ಪು, ಸುತ್ತಲೂ ಎಳೆಎಳೆಯಾದ ಬೂದುಬಣ್ಣದ ಪೆನಂಬ್ರಾ. ಕಪ್ಪೆಂದರೆ ಅದು ಹೋಲಿಕೆಯ ಕಪ್ಪು ಮಾತ್ರ. ಸುತ್ತಲಿನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರುವಾಗ, ಬಲವಾದ ಕಾಂತಕ್ಷೇತ್ರ ಒಳಗಿನಿಂದ ಶಾಖ ಮೇಲೇರುವುದನ್ನು ತಡೆದ ಕಡೆ ಅದು ಸುಮಾರು 3,500ಕ್ಕೆ ಇಳಿದಿರುತ್ತದೆ. ಆ ಎಳೆಗಳ ಗುಂಟ ಅನಿಲ ಹೊರಮುಖವಾಗಿ ಹರಿಯುತ್ತದೆಂದು ಜಾನ್ ಎವರ್ಶೆಡ್ ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ 1909ರಲ್ಲಿ ಕಂಡುಕೊಂಡರು. ಹರಿವನ್ನು ಅಳೆಯಲು ಅವರಿಗೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಬೇಕಾಯಿತು, ಎಳೆಗಳನ್ನು ಕಾಣಲು ನಮಗೆ ಈ ಹಾಳೆ ಸಾಕು. ಸೂರ್ಯನ ಮೇಲೆ ಒಂದು ಆರ್ಕ್ ಸೆಕೆಂಡ್ (ಕೋನದ ಒಂದು ಡಿಗ್ರಿಯ 3,600ನೆಯ ಒಂದು ಭಾಗ) ಎಂದರೆ ಸುಮಾರು 725 ಕಿ.ಮೀ. ನನ್ನ 80 ಮಿ.ಮೀ. ಮಸೂರ ಬಿಡಿಸಬಲ್ಲದ್ದು ಹೆಚ್ಚೆಂದರೆ ಒಂದೂವರೆ ಆರ್ಕ್ ಸೆಕೆಂಡಿನ ಆಸುಪಾಸು. ಮೇಲ್ಮೈಯ ಮೇಲೆ ಕುದಿಯುವ ಗಂಜಿಯ ಗುಳ್ಳೆಗಳಂತೆ ಎದ್ದು ಅಡಗುವ ಗ್ರ್ಯಾನ್ಯೂಲುಗಳ ಅಗಲ ಸಾವಿರ ಕಿ.ಮೀ.ಗಿಂತ ತುಸು ಹೆಚ್ಚು, ಅಂದರೆ ಸರಿಯಾಗಿ ಆ ಗಡಿಯಲ್ಲೇ. ಅದಕ್ಕೇ ವರ್ಷದಲ್ಲಿ ಕೆಲವೇ ಬೆಳಗುಗಳಲ್ಲಿ, ಕೆಲವೇ ಕ್ಷಣಗಳ ಕಾಲ ಬಿಳಿಯ ಬಿಂಬದ ಮೇಲೆ ರವೆ ಚೆಲ್ಲಿದಂತೆ ಅವು ನನಗೆ ಕಂಡಿವೆ.

2024ರ ಮೇ ತಿಂಗಳನ್ನು ಇಲ್ಲಿ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. 3664 ಎಂಬ ಸಂಖ್ಯೆಯ ಕಲೆಗಳ ಗುಂಪು ಆಗ ಬಿಂಬವನ್ನು ಹಾಯುತ್ತಿತ್ತು. ಅದರ ಉದ್ದ ಭೂಮಿಯ ವ್ಯಾಸದ ಸುಮಾರು ಹದಿನೈದು ಪಟ್ಟು. ದೂರದರ್ಶಕವಿಲ್ಲದೆ ಗ್ರಹಣದ ಕನ್ನಡಕದಲ್ಲೂ ಕಾಣುತ್ತಿತ್ತು. ಒಂದು ವಾರ ಪ್ರತಿ ಬೆಳಿಗ್ಗೆ ಅದರ ಚಿತ್ರ ಬಿಡಿಸಿದೆ. ಒಂದು ದಿನ ಬೇರೆಬೇರೆಯಾಗಿದ್ದ ಕಲೆಗಳು ಮರುದಿನ ಒಂದೇ ಪೆನಂಬ್ರಾದೊಳಗೆ ಸೇರಿಕೊಂಡಿದ್ದವು, ಅದರ ಮರುದಿನ ಹೊಳೆಯುವ ಸೇತುವೆಯಂಥ ಗೆರೆಗಳು ಅವನ್ನು ಸೀಳಿದ್ದವು. ಈ ಗುಂಪಿನ ಸ್ಫೋಟಗಳಿಂದಾಗಿ ಮೇ 10ರಂದು ಆರಂಭವಾದ ಭೂಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಕದಡಿಕೆ, 2003ರ ಅಕ್ಟೋಬರಿನ ನಂತರ ಅತ್ಯುನ್ನತ ದರ್ಜೆಗೆ ಏರಿದ ಮೊದಲನೆಯದು. ಸಾಮಾನ್ಯವಾಗಿ ಧ್ರುವಪ್ರಭೆ ಕಾಣದ ಅಕ್ಷಾಂಶಗಳಲ್ಲೂ ಅಂದು ಆಕಾಶ ಕೆಂಪಾಯಿತು. ಅದರ ಮೂಲವನ್ನು ಬೆಳಿಗ್ಗೆಯೇ ಪೆನ್ಸಿಲಿನಿಂದ ಕಾಗದದ ಮೇಲೆ ಗುರುತಿಸಿಟ್ಟಿದ್ದೆನೆಂಬ ಸಂತೋಷ ನನಗೆ ಇಂದಿಗೂ ಮಾಸಿಲ್ಲ.

ಛಾಯಾಗ್ರಹಣದಲ್ಲಿ ಹಾಳೆಗಿಂತ ಹೆಚ್ಚು ಕಾಡುವುದು ಗಾಳಿ. ನಾಭಿದೂರವನ್ನು ಸುಮಾರು 108ರಿಂದ ಭಾಗಿಸಿದರೆ ಕ್ಯಾಮೆರಾದ ಸಂವೇದಕದ ಮೇಲೆ ಬೀಳುವ ಸೂರ್ಯಬಿಂಬದ ವ್ಯಾಸ ಸಿಗುತ್ತದೆ: 600 ಮಿ.ಮೀ.ಗೆ ಸುಮಾರು ಐದೂವರೆ ಮಿ.ಮೀ., ಅದು ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಧಾರಾಳವಾಗಿ ಹಿಡಿಸುತ್ತದೆ, 2,000 ಮಿ.ಮೀ.ಗೆ ಹದಿನೆಂಟೂವರೆ ಮಿ.ಮೀ., ಅದು ಅದೇ ಕ್ಯಾಮೆರಾದ ಸಂವೇದಕದ ಎತ್ತರವನ್ನು ಮೀರುತ್ತದೆ. ಐಎಸ್‌ಒ 100ರಲ್ಲಿ ಸೆಕೆಂಡಿನ ಐನೂರನೆಯ ಭಾಗದಿಂದ ಸಾವಿರದನೆಯ ಭಾಗದವರೆಗಿನ ಶಟರ್ ವೇಗ ನನಗೆ ಸರಿಹೋಗಿದೆ. ಫೋಕಸನ್ನು ಬಿಂಬದ ಅಂಚಿನ ಮೇಲಲ್ಲ, ಒಂದು ಸಣ್ಣ ಕಲೆಯ ಮೇಲೆ ಹಿಡಿಯುವುದು ಮೇಲು. ಕಲೆಗಳ ಹತ್ತಿರದ ಚಿತ್ರಕ್ಕೆ ಕಪ್ಪು-ಬಿಳುಪಿನ ವೀಡಿಯೊ ಕ್ಯಾಮೆರಾ ಬಳಸಿ, ಶಾರ್ಪ್‌ಕ್ಯಾಪ್ ತಂತ್ರಾಂಶದಲ್ಲಿ ಒಂದೆರಡು ಸಾವಿರ ಬಿಡಿಚಿತ್ರಗಳನ್ನು ಸೆರೆಹಿಡಿದು, ಅವುಗಳಲ್ಲಿ ಗಾಳಿ ಸ್ತಬ್ಧವಾಗಿದ್ದ ಗಳಿಗೆಯ ನೂರಕ್ಕೆ ಹತ್ತನ್ನು ಮಾತ್ರ ಆಟೋಸ್ಟ್ಯಾಕರ್ಟ್‌ನಲ್ಲಿ ಆಯ್ದು ಒಂದರ ಮೇಲೊಂದು ಪೇರಿಸುತ್ತೇನೆ. ಅದೇ ಸಂಸ್ಥೆಯ, 540 ನ್ಯಾನೊಮೀಟರಿನ ಸುತ್ತಲಿನ ಹಸಿರು ಬೆಳಕನ್ನಷ್ಟೇ ಬಿಡುವ ಸೋಲಾರ್ ಕಂಟಿನ್ಯುಅಮ್ ಫಿಲ್ಟರನ್ನು ಹಾಳೆಯ ಜೊತೆಗೆ, ಕ್ಯಾಮೆರಾದ ಮುಂದೆ ಹಾಕಿದಾಗ ಸಾಧಾರಣ ಮಸೂರದ ಬಣ್ಣದೋಷ ಮಾಯವಾಗಿ ವಿವರ ಎದ್ದು ಬರುತ್ತದೆ. ಆ ಫಿಲ್ಟರು ಹಾಳೆಯ ಜೊತೆಗೇ ಬಳಸಬೇಕಾದದ್ದು, ಹಾಳೆಯ ಬದಲಿಗಲ್ಲ. ಹೊತ್ತಿನ ಆಯ್ಕೆಯೂ ಮುಖ್ಯ. ಸೂರ್ಯ ದಿಗಂತದ ದಟ್ಟ ಗಾಳಿಯಿಂದ ಮೇಲೆ ಬಂದಿರಬೇಕು, ನೆಲ ಇನ್ನೂ ಕಾದಿರಬಾರದು; ಉದಯದ ಒಂದೆರಡು ಗಂಟೆಯ ನಂತರದ ಸಮಯ ಅತ್ಯುತ್ತಮ. ಕಾಂಕ್ರೀಟಿನ ತಾರಸಿಗಿಂತ ಹುಲ್ಲುನೆಲದ ಮೇಲೆ ನಿಂತು ತೆಗೆದ ಚಿತ್ರಗಳು ನಿಚ್ಚಳವಾಗಿ ಬಂದಿವೆ.

ಬೇರೆ ವಿಧಾನಗಳ ಜೊತೆ ಹೋಲಿಸಿ ಹೇಳುವುದಾದರೆ, ಐಪೀಸಿನ ಹಿಂದೆ ಬಿಳಿ ಹಲಗೆಯ ಮೇಲೆ ಬಿಂಬ ಬೀಳಿಸುವ ಹಳೆಯ ಪದ್ಧತಿಗೆ ದೊಡ್ಡ ಇತಿಹಾಸವಿದೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಹವ್ಯಾಸಿ ರಿಚರ್ಡ್ ಕ್ಯಾರಿಂಗ್ಟನ್ ಸೌರಜ್ವಾಲೆಯನ್ನು ಮೊದಲ ಬಾರಿಗೆ ಕಂಡದ್ದು ಹೀಗೆ ಬೀಳಿಸಿದ ಬಿಂಬದ ಮೇಲೆಯೇ, ಕಲೆಗಳ ಚಿತ್ರ ಬಿಡಿಸುತ್ತಿದ್ದಾಗ. ಹಲವರು ಒಟ್ಟಿಗೆ ನೋಡಲು ಅದು ಇಂದಿಗೂ ಒಳ್ಳೆಯದು. ಆದರೆ ಶಾಖವೆಲ್ಲ ಕೊಳವೆಯೊಳಗೆ ಹೋಗುವುದರಿಂದ ಪ್ಲಾಸ್ಟಿಕ್ಕಿನ ಭಾಗಗಳು ಕರಗುತ್ತವೆ, ಸೂಕ್ಷ್ಮ ವಿವರವೂ ಹಾಳೆಯಲ್ಲಿ ಕಾಣುವಷ್ಟು ಸಿಗುವುದಿಲ್ಲ. ಹರ್ಷೆಲ್ ವೆಜ್ ಎಂಬ ಪಟ್ಟಕ ನೂರಕ್ಕೆ ಐದಕ್ಕಿಂತ ಕಡಿಮೆ ಬೆಳಕನ್ನು ಪ್ರತಿಫಲಿಸಿ ಉಳಿದದ್ದನ್ನು ಹಿಂದಕ್ಕೆ ಬಿಡುತ್ತದೆ. ಅದರ ಬಿಂಬ ಹಾಳೆಯದಕ್ಕಿಂತ ತುಸು ಗರಿಗರಿಯಾಗಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಜೊತೆಗೆ ಬೇರೆ ಸಾಂದ್ರ ಫಿಲ್ಟರುಗಳೂ ಬೇಕು, ಮಸೂರದ ದೂರದರ್ಶಕಕ್ಕಷ್ಟೇ ಅದು ಸಲ್ಲುತ್ತದೆ. ಹಾಳೆಯನ್ನು ಕನ್ನಡಿಯ ದೂರದರ್ಶಕಕ್ಕೂ, ಬೈನಾಕ್ಯುಲರಿನ ಎರಡು ಕಣ್ಣಿಗೂ, ಕ್ಯಾಮೆರಾ ಲೆನ್ಸಿಗೂ ಕತ್ತರಿಸಿ ಹಾಕಬಹುದು. ಹೈಡ್ರೋಜನ್ ಆಲ್ಫಾ ದೂರದರ್ಶಕದ ಮಾತೇ ಬೇರೆ. 656.3 ನ್ಯಾನೊಮೀಟರಿನ ಒಂದು ಕೆಂಪು ಗೆರೆಯ ಸುತ್ತ ನ್ಯಾನೊಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ಅದು ದ್ಯುತಿಗೋಳದ ಮೇಲಿನ ಪದರವಾದ ವರ್ಣಗೋಳವನ್ನು, ಅಂಚಿನಲ್ಲಿ ಕಮಾನಿನಂತೆ ಏಳುವ ಅನಿಲವನ್ನು ತೋರಿಸುತ್ತದೆ. ಇವು ಯಾವುವೂ ಈ ಹಾಳೆಯಲ್ಲಿ ಕಾಣುವುದಿಲ್ಲ, ಕಾಣುತ್ತವೆಂದುಕೊಂಡು ಕೊಳ್ಳುವವರಿಗೆ ನಿರಾಸೆ ಖಂಡಿತ.

ಕಲೆಗಳನ್ನು ಎಣಿಸುವುದಕ್ಕೆ ಮಾತ್ರ ಇಷ್ಟೇ ಸಾಕು. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸುವ ರುಡಾಲ್ಫ್ ವುಲ್ಫ್ ಅವರ ಸೂತ್ರ ಹತ್ತೊಂಬತ್ತನೆಯ ಶತಮಾನದಿಂದಲೂ ಬಳಕೆಯಲ್ಲಿದೆ: ನಾಲ್ಕು ಗುಂಪು, ಹದಿನೇಳು ಕಲೆ ಕಂಡರೆ ಅಂದಿನ ಎಣಿಕೆ 57. ಉಪಕರಣ, ವೀಕ್ಷಕ ಇವರ ವ್ಯತ್ಯಾಸವನ್ನು ಸರಿದೂಗಿಸಲು ಅದನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ. ಬೆಲ್ಜಿಯಮ್ಮಿನ ರಾಯಲ್ ವೀಕ್ಷಣಾಲಯದಲ್ಲಿರುವ ಸಿಲ್ಸೊ ಕೇಂದ್ರ ಇಂದಿಗೂ ಅಂತರರಾಷ್ಟ್ರೀಯ ಸೌರಕಲೆ ಸಂಖ್ಯೆಯನ್ನು ಹವ್ಯಾಸಿಗಳೂ ಸೇರಿದ ವೀಕ್ಷಕರ ಜಾಲದಿಂದ ಬರುವ ಎಣಿಕೆಗಳ ಆಧಾರದ ಮೇಲೆ ಕಟ್ಟುತ್ತದೆ. ಬುಧನ ಕಕ್ಷೆಯೊಳಗೆ ಹೊಸ ಗ್ರಹ ಹುಡುಕಲು ಹೊರಟು, 1826ರಿಂದ ಹದಿನೇಳು ವರ್ಷ ಬಿಸಿಲಿದ್ದ ದಿನಗಳಲ್ಲೆಲ್ಲ ಕಲೆಗಳನ್ನು ಎಣಿಸುತ್ತ ಕುಳಿತ ಔಷಧ ವ್ಯಾಪಾರಿ ಹೈನ್ರಿಖ್ ಶ್ವಾಬೆ ಅವರಿಗೆ ಗ್ರಹ ಸಿಗಲಿಲ್ಲ, ಸೌರಕಲೆಗಳು ವರ್ಷಗಳ ಅಂತರದಲ್ಲಿ ಹೆಚ್ಚಿ ತಗ್ಗುವ ಆವರ್ತ ಸಿಕ್ಕಿತು. 25ನೆಯ ಆವರ್ತ 2019ರ ಡಿಸೆಂಬರಿನಲ್ಲಿ ಆರಂಭವಾಗಿ 2024ರಲ್ಲಿ ಶಿಖರ ಮುಟ್ಟಿದೆ. ಮುಂದಿನ ವರ್ಷಗಳಲ್ಲಿ ಕಲೆಗಳು ಕಡಿಮೆಯಾಗುತ್ತ ಹೋಗುವುದರಿಂದ, ಈಗ ಹಾಳೆ ಕೊಂಡವರು ಬೋಳು ಬಿಂಬದ ದಿನಗಳಿಗೂ ಸಿದ್ಧರಿರಬೇಕು. ಸೊನ್ನೆ ಎಂದು ಬರೆದ ದಿನದ ದಾಖಲೆಗೂ ಬೆಲೆಯಿದೆ.

ಬಾಳಿಕೆಯ ಬಗ್ಗೆ ದೂರಿಲ್ಲ. ಗಟ್ಟಿ ಡಬ್ಬಿಯಲ್ಲಿ, ಯಾವುದೂ ತಾಗದಂತೆ ಇಟ್ಟ ಹಾಳೆಯಲ್ಲಿ ಎರಡು ವರ್ಷದ ನಂತರವೂ ದೀಪದ ಪರೀಕ್ಷೆಯಲ್ಲಿ ಹೊಸ ರಂಧ್ರ ಕಂಡಿಲ್ಲ. ಧೂಳನ್ನು ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಹಾರಿಸುತ್ತೇನೆ, ಬಟ್ಟೆಯಿಂದ ಒರೆಸುವುದಿಲ್ಲ. ರಟ್ಟಿನ ಬಳೆ ಮಾತ್ರ ತೇವಕ್ಕೆ ಸಡಿಲಗೊಂಡು ಒಮ್ಮೆ ಬದಲಾಯಿಸಬೇಕಾಯಿತು. ಎ4 ಅಳತೆಯ ಹಾಳೆಯಿಂದ 80 ಮಿ.ಮೀ. ದೂರದರ್ಶಕಕ್ಕೆ ಬೇಕಾದಷ್ಟು ಕತ್ತರಿಸಿದ ಮೇಲೂ ಅರ್ಧಕ್ಕಿಂತ ಹೆಚ್ಚು ಮಿಕ್ಕಿದೆ. 2027ರ ಆಗಸ್ಟ್ 2ರ ಖಗ್ರಾಸ ಗ್ರಹಣದಲ್ಲಿ ಕೆಲವೆಡೆ ಆರು ನಿಮಿಷಕ್ಕೂ ಹೆಚ್ಚು ಕಾಲ ಸೂರ್ಯ ಪೂರ್ತಿ ಮರೆಯಾಗುತ್ತಾನೆ. ಹಾಳೆಯನ್ನು ತೆಗೆಯಬಹುದಾದದ್ದು ಆ ನಿಮಿಷಗಳಲ್ಲಿ ಮಾತ್ರ, ಮೊದಲ ಬೆಳಕಿನ ಮಣಿ ಹೊಳೆಯುವ ಮುನ್ನವೇ ಅದು ಮತ್ತೆ ಮುಚ್ಚಿರಬೇಕು. ಅಂದರೆ ಚೌಕಟ್ಟು ಗಾಳಿಗೆ ಬೀಳದಷ್ಟು ಬಿಗಿಯಾಗಿಯೂ ಇರಬೇಕು, ಕೊಳವೆ ಅಲುಗದಂತೆ ಒಂದೇ ಕೈಯಲ್ಲಿ ಬಿಚ್ಚಿ ಹಾಕುವಂತೆಯೂ ಇರಬೇಕು. ನನ್ನ ಈಗಿನ ಪಟ್ಟಿಗಳ ಚೌಕಟ್ಟು ಇದಕ್ಕೆ ಒಗ್ಗದು. ಆದ್ದರಿಂದ ಮಿಕ್ಕ ಹಾಳೆಯಲ್ಲಿ, ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಬಲವಾದ ಕೊಂಡಿ ಇಟ್ಟು ಬಾಗಿಲಿನಂತೆ ತೆರೆಯುವ ಎರಡನೆಯ ಚೌಕಟ್ಟನ್ನು ಕಟ್ಟುತ್ತಿದ್ದೇನೆ. ಅದನ್ನು ಮೊದಲು ರಾತ್ರಿ ಚಂದ್ರನ ಕಡೆಗೆ ತಿರುಗಿಸಿ, ಎಷ್ಟು ಸೆಕೆಂಡಿನಲ್ಲಿ ತೆರೆದು ಮುಚ್ಚಲು ಸಾಧ್ಯವೆಂದು ಅಭ್ಯಾಸ ಮಾಡಿಕೊಳ್ಳಬೇಕಿದೆ.